ಕುರ್ಚಿ ಒಂದೇ, ಕಂಪನಿ ನಾಲ್ಕು

ಸಿದ್ದಲಿಂಗಪ್ಪ: ಅಲ್ರೀ, ಟ್ರೇದಾಗ ಮೂರು ಕಪ್ಪಿನ ಮ್ಯಾಲೆ ಮೂರು ಕಂಪನಿ ಹೆಸರದಾವ. ಮೂರೂ ಕಡೆ ನೀವ ಕೆಲಸ ಮಾಡಿದ್ದು ಅಂತೀರಿ. ಮತ್ತ ಒಂದು ಕಡೆನ ಇದ್ದೆ ಅಂತೀರಿ. ನಾ ಯಾವ್ದು ನಂಬ್ಲಿ?

ಉಮಾಶಂಕರ: ಎರಡೂ ನಂಬಿ ಸಾರ್. ಎರಡೂ ನಿಜ.

ಶೋಭಾ: ಅವರಿಗೆ ಬಿಡಿಸಿ ಹೇಳ್ರೀ. ನೀವು ಹೀಗೆ ಹೇಳಿದ್ರೆ ನನಗೇ ಅನುಮಾನ ಬರುತ್ತೆ.

(ಕಿಂಗ್ಸ್‌ಬರಿಯ ಫ್ಲ್ಯಾಟು, ಭಾನುವಾರ. ಉಮಾಶಂಕರ, ಶೋಭಾ ದಂಪತಿಯ ಮಗಳು ಸಿರಿಶಾಳನ್ನು ತಮ್ಮ ಮಗ ವರುಣ್‌ಗೆ ಕೇಳಲು ಸಿದ್ದಲಿಂಗಪ್ಪ ಹೀಥ್ರೋ ಹತ್ತಿರದ ಫೆಲ್ಥಮ್‌ನಿಂದ ಬಂದಿದ್ದಾರೆ. ಹುಡುಗ ಹುಡುಗಿ ಆಗಲೇ ಒಪ್ಪಿಕೊಂಡಾಗಿದೆ. ಹಿರಿಯರು ಹೂಂ ಅನ್ನಬೇಕಷ್ಟೆ. ವರುಣ್ ಅಪ್ಪನನ್ನು ಬಾಗಿಲಲ್ಲಿ ಇಳಿಸಿ ಕಾರು ನಿಲ್ಲಿಸಲು ಜಾಗ ಹುಡುಕುತ್ತಿದ್ದಾನೆ. ಜಾಗ ತೋರಿಸುತ್ತೇನೆಂದು ಹೋದ ಸಿರಿಶಾಳೂ ಪತ್ತೆಯಿಲ್ಲ.)

ಸಿದ್ದಲಿಂಗಪ್ಪ: ನಾ ಹೀಥ್ರೋದಾಗ ಲಗೇಜ್ ಕೆಲಸಕ್ಕ ಸೇರಿದ ದಿನ ಯಾವ ಬೆಲ್ಟಿನ ಮುಂದ ನಿಂತಿದ್ನೋ, ರಿಟೈರ್ ಆದ ದಿನಾನೂ ಅದರ ಮುಂದನ ನಿಂತಿದ್ದೆ. ಅಪ್ಪನ ಕಾಲು ಒಂದು ಕಡೆ ನಿಲ್ಲಂಗಿಲ್ಲಂದ್ರ, ಮಗಳ ಕಾಲು ನಮ್ಮನ್ಯಾಗ ನಿಂತಾವೇನ್ರಿ?

ಉಮಾಶಂಕರ: ಕ್ಯಾನರಿ ವಾರ್ಫ್‌ನಲ್ಲಿ ನಾನೂ ಅದೇ ಆಫೀಸು, ಅದೇ ಕಿಟಕಿ, ಅದೇ ಕುರ್ಚಿ! ಬದಲಾಗಿದ್ದು ಕಂಪನಿ, ನಾನಲ್ಲ. ತಡೀರಿ, ಮೂಲದಿಂದ ಹೇಳ್ತೀನಿ. ಆಂಟ್‌ವರ್ಪ್‌ನಲ್ಲಿ ಬ್ರೂಖ್‌ಸ್ಟೆಡ್ ಅಂತ ಅಣ್ಣತಮ್ಮಂದಿರಿದ್ರು...

ಶೋಭಾ: ಅಯ್ಯೋ, ಮೂಲದಿಂದ ಬೇಡಾರೀ! ನಾನು ಅಡುಗೆ ಮಾಡಿರೋದು ಮಧ್ಯಾಹ್ನಕ್ಕೆ ಮಾತ್ರ.

ಸಿದ್ದಲಿಂಗಪ್ಪ: ಇರ್ಲಿ ತಂಗಿ, ಮನೆತನ ಕೇಳಾಕಂತನ ಬಂದೀನಿ. ಏನ್ ಮಾಡ್ತಿದ್ರು ಅಣ್ಣತಮ್ಮರು?

ಉಮಾಶಂಕರ: ಹಡಗಿನ ಸರಕಿಗೆ ವಿಮೆ ಮಾಡ್ತಿದ್ರು. ದೊಡ್ಡ ಹೆಸರು. ನಾನು ಸೇರಿದಾಗ ಇನ್ನೂ ಅದೇ ಹೆಸರಿತ್ತು. ಅದೇ ನಿಮ್ಮ ಕೈಲಿರೋ ಹಸಿರು ಕಪ್ಪು.

(ಸಿದ್ದಲಿಂಗಪ್ಪ ಕಪ್ಪನ್ನು ತಿರುಗಿಸಿ ಓದಿ, ಗೌರವದಿಂದ ಒಂದು ಗುಟುಕು ಕುಡಿದರು.)

ಉಮಾಶಂಕರ: ಆಮೇಲೆ ಲಕ್ಸೆಂಬರ್ಗಿನ ಲೆರ್ಮೊಂ ಬ್ಯಾಂಕಿನ ಜೊತೆ ಕೂಡಿಕೊಂಡ್ರು. ಬ್ರೂಖ್‌ಸ್ಟೆಡ್-ಲೆರ್ಮೊಂ. ಅದು ನೀಲಿ ಕಪ್ಪು. ಮೂರು ವರ್ಷ ಚೆನ್ನಾಗೇ ಇದ್ರು. ಆಮೇಲೆ ಕಷ್ಟಕಾಲ ಬಂತು. ಡೈವೋರ್ಸ್!

ಸಿದ್ದಲಿಂಗಪ್ಪ: ಯಾರಿಗ್ರೀ? ನಿಮಗ?

ಶೋಭಾ: ನಮಗಲ್ಲ ಅಣ್ಣಾ! ಕಂಪನಿಗೆ!

ಸಿದ್ದಲಿಂಗಪ್ಪ: ಹಂಗ ಹೇಳ್ರೆಪಾ. ಎದಿ ಧಸಕ್ ಅಂತು. ಮಕ್ಕಳು ಯಾರ ಪಾಲಿಗೆ ಬಂದ್ವು?

ಉಮಾಶಂಕರ: ಬ್ಯಾಂಕನ್ನ ಸರ್ಕಾರ ತಗೊಳ್ತು. ವಿಮೆಯನ್ನ ಮಾರಿದ್ರು. ಮಿಕ್ಕಿದ್ದು ಬರೀ ಹೋಲ್ಡಿಂಗ್ ಕಂಪನಿ. ಅದಕ್ಕೆ ಟಾಲ್ವೆರಿನ್ ಅಂತ ಹೊಸ ಹೆಸರಿಟ್ರು. ಅದೇ ಮೂರನೇ ಕಪ್ಪು.

ಸಿದ್ದಲಿಂಗಪ್ಪ: ಅದು ಗುಳಿಗಿ ಹೆಸರಲ್ರೀ? ನನ್ನ ಮೊಣಕಾಲಿಗೆ ಜಿಪಿ ಡಾಕ್ಟರು ಇಂಥಾದ್ದ ಏನೋ ಬರಕೊಟ್ಟಿದ್ರು.

ಶೋಭಾ: ನಾನೂ ಹಾಗೇ ಅಂದ್ಕೊಂಡು, ಇವರ ಛತ್ರಿ ಮೇಲೆ ಆ ಹೆಸರು ನೋಡಿ ಯಾವ ಔಷಧಿ ಅಂಗಡಿಯೋರು ಕೊಟ್ರು ಅಂತ ಕೇಳಿದ್ದೆ.

ಸಿದ್ದಲಿಂಗಪ್ಪ: ಆತು, ಈ ಹೋಲ್ಡಿಂಗ್ ಕಂಪನಿ ಏನ್ ಮಾಡ್ತೈತಿ?

ಉಮಾಶಂಕರ: ಹಿಡ್ಕೊಂಡಿರುತ್ತೆ. ಬೇರೆ ಕಂಪನಿಗಳ ಷೇರುಗಳನ್ನ.

ಸಿದ್ದಲಿಂಗಪ್ಪ: ಆ ಕಂಪನಿಗಳು ಏನ್ ಮಾಡ್ತಾವ?

ಉಮಾಶಂಕರ: ಅವೂ ಇನ್ನೊಂದಷ್ಟು ಕಂಪನಿಗಳನ್ನ ಹಿಡ್ಕೊಂಡಿರ್ತವೆ.

ಸಿದ್ದಲಿಂಗಪ್ಪ: ಹಂಗಾರ ಕೆಲಸ ಮಾಡಾವ್ರು ಯಾರು?

ಶೋಭಾ: ನಾನೂ ಮದುವೆ ಆದಾಗಿಂದ ಇದನ್ನೇ ಕೇಳ್ತಿದೀನಿ ಅಣ್ಣಾ.

(ಉಮಾಶಂಕರರ ಮುಖ ಕೆಂಪಾಯಿತು. ಇಷ್ಟು ವರ್ಷದಲ್ಲಿ ಯಾರೂ ಕೇಳದಿದ್ದ ಕಥೆಯನ್ನು ಒಬ್ಬರು ಕೇಳುತ್ತಿದ್ದಾರೆ. ಮಧ್ಯೆ ಹೆಂಡತಿಯ ತಕರಾರು.)

ಉಮಾಶಂಕರ: ಶೋಭಾ, ಕ್ಲೈಮ್ಯಾಕ್ಸ್ ಬರ್ತಿದೆ, ಸುಮ್ನಿರು. ಹೋದ ವರ್ಷ ಹೊಸ ಛೇರ್ಮನ್ ಬಂದ್ರು. ಟಾಲ್ವೆರಿನ್ ಉದ್ದ ಆಯ್ತು ಅಂದ್ರು. ಈಗ ಕಂಪನಿ ಹೆಸರು ಟಿ. ಬರೀ ಟಿ!

ಸಿದ್ದಲಿಂಗಪ್ಪ: (ನಾಲ್ಕನೆಯ ಕಪ್ಪನ್ನು ಎತ್ತಿ ನೋಡುತ್ತ) ಇದೂ ಕಂಪನಿ ಹೆಸರೇನ್ರೀ? ಚಾದ ಕಪ್ಪಿಗೆ ಟೀ ಅಂತ ಬರದಾರ ಅಂದ್ಕೊಂಡಿದ್ದೆ!

(ಶೋಭಾ ನಗು ತಡೆಯಲಾರದೆ ಸೆರಗನ್ನು ಬಾಯಿಗಿಟ್ಟುಕೊಂಡಳು. ಉಮಾಶಂಕರ ನಗಲಿಲ್ಲ. ಸಂಬಂಧ ಇಲ್ಲೇ ಮುರಿಯಿತು ಎಂದುಕೊಂಡು ಕುರ್ಚಿಯಲ್ಲಿ ಕುಸಿದರು.)

ಉಮಾಶಂಕರ: ನಗಿ ಸಾರ್. ಆದ್ರೆ ಪ್ರತಿ ಸಲ ಹೆಸರು ಬದಲಾದಾಗ ಪಕ್ಕದ ಕುರ್ಚಿಗಳು ಖಾಲಿ ಆದ್ವು. ನಾನು ಉಳ್ಕೊಂಡೆ. ಬೆಳಿಗ್ಗೆ ಎದ್ದು ಜೂಬಿಲಿ ಲೈನ್ ಟ್ರೇನ್ ಹತ್ತೋದು ಒಂದು ದಿನಾನೂ ಬಿಡಲಿಲ್ಲ.

(ಸಿದ್ದಲಿಂಗಪ್ಪ ಕಪ್ಪು ಕೆಳಗಿಟ್ಟು, ತಮ್ಮ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡರು.)

ಸಿದ್ದಲಿಂಗಪ್ಪ: ಬೆಲ್ಟಿನ ಮ್ಯಾಲೆ ಕೆಲವು ಬ್ಯಾಗ್ ಬರ್ತಿದ್ವು ನೋಡ್ರಿ. ದುಬೈ ಟ್ಯಾಗ್ ಮ್ಯಾಲೆ ಪ್ಯಾರಿಸ್ ಟ್ಯಾಗ್, ಅದರ ಮ್ಯಾಲೆ ನಮ್ಮದು. ಬ್ಯಾಗ್ ಮಾತ್ರ ಬದಲಾಗಿರಂಗಿಲ್ಲ. ನೀವು ಅಂಥಾ ಬ್ಯಾಗ್ ಅದೀರಿ.

ಉಮಾಶಂಕರ: ಅದು... ಹೊಗಳಿಕೆನಾ ಸಾರ್?

ಸಿದ್ದಲಿಂಗಪ್ಪ: ಹೊಗಳಿಕಿನ! ಸಾರ್ ಅನ್ನೂದು ಬಿಡ್ರಿ, ಇನ್ನ ಬೀಗ್ರು ಅನ್ರಿ.

(ಶೋಭಾ ಸಿಹಿ ತರಲು ಎದ್ದಳು. ಅಷ್ಟರಲ್ಲಿ ಬಾಗಿಲು ತೆರೆದು ಸಿರಿಶಾ ಬಂದಳು. ಹಿಂದೆ ಬೆವರು ಒರೆಸಿಕೊಳ್ಳುತ್ತ ವರುಣ್.)

ಸಿರಿಶಾ: ಅಂಕಲ್, ನೀವು ಯೆಸ್ ಅನ್ನೋಕೆ ಮುಂಚೆ ಒಂದು ವಿಷಯ. ಮದುವೆ ಆದ್ಮೇಲೆ ನಾನು ಸರ್‌ನೇಮ್ ಚೇಂಜ್ ಮಾಡಲ್ಲ. ಸಿರಿಶಾ ಉಮಾಶಂಕರ್ ಆಗೇ ಇರ್ತೀನಿ. ಸಾರಿ.

(ಶೋಭಾ ನಿಂತಲ್ಲೇ ನಿಂತಳು. ವರುಣ್ ಕಾರ್ಪೆಟ್ಟು ನೋಡತೊಡಗಿದ. ಉಮಾಶಂಕರ ಏನೋ ಹೇಳಲು ಬಾಯಿ ತೆರೆದರು. ಸಿದ್ದಲಿಂಗಪ್ಪ ಅವರನ್ನು ತಡೆದು, ಎರಡೂ ಕೈ ಜೋಡಿಸಿದರು.)

ಸಿದ್ದಲಿಂಗಪ್ಪ: ಬದಲಿಸಬ್ಯಾಡವ್ವ, ಕೈ ಮುಗೀತೀನಿ! ನಾಳೆ ಯಾರರ ಹೆಸರು ಯಾಕ ಬದಲಾತು ಅಂತ ಕೇಳಿದ್ರ, ನಿಮ್ಮಪ್ಪ ಮತ್ತ ಆಂಟ್‌ವರ್ಪ್‌ನಿಂದ ಶುರು ಮಾಡ್ತಾರ.