ಕೋಟೆ ಬಾಗಿಲಿನ ಪಾನಾ

ಹಳಿಯಾಳದ ಮೆಕ್ಯಾನಿಕ್ ಹಸನಸಾಬನ ನಟ್ಟು ಬಿಚ್ಚುವ ಪಾನಾ ಕಾಣೆಯಾದದ್ದು ಕಳ್ಳರಿಂದಲ್ಲ, ಮನೆಯವರಿಂದಲೇ. ಅದು ಅವನಿಗೆ ಗೊತ್ತಾದದ್ದು ಭಾನುವಾರ ಬೆಳಿಗ್ಗೆ, ಮುಂಡಗೋಡದ ಗಿರಣಿ ಮಾಲೀಕ ಲೋಕೇಶನ ಫೋನು ಬಂದ ಮೇಲೆ.

"ಹಸನಸಾಬ್ರ, ಎಂಜಿನ್ ಹಿಡಕೊಂಡ ಬಿಟ್ಟೈತಿ! ಟಿಬೆಟನ್ ಕಾಲೊನಿಯವ್ರ ಮೆಕ್ಕೆಜೋಳದ ಚೀಲ ಬಾಗಲತನಕ ನಿಂತಾವ. ಮೂರರೊಳಗ ಬಂದ್ರ ಸರಿ, ಇಲ್ಲಾಂದ್ರ ಈ ಮುದುಕನ್ನ ಕಿತ್ತು ಒಗೀತೇನಿ ನೋಡ್ರಿ."

ಕಿತ್ತು ಒಗೆಯುವ ಮಾತು ಕೇಳಿ ಹಸನಸಾಬ ಫೋನನ್ನು ಚಾರ್ಜಿಗೆ ಹಾಕಿ ಎದ್ದ. ಆ ಡೀಸೆಲ್ ಎಂಜಿನ್ನು ಕೂರಿಸಿದವನು ಅವನ ಅಪ್ಪ. ಅದರ ದೊಡ್ಡ ನಟ್ಟಿಗೆ ಪೇಟೆಯ ಯಾವ ಪಾನಾವೂ ಹೊಂದುವುದಿಲ್ಲವೆಂದು ಅಪ್ಪನೇ ಕುಲುಮೆಯಲ್ಲಿ ಬಡಿದು ಒಂದು ಪಾನಾ ಮಾಡಿದ್ದ. ಮೊಳದುದ್ದ ಹಿಡಿ, ತುದಿಯಲ್ಲಿ ಎರಡು ಹಲ್ಲು. ಆ ಎಂಜಿನ್ನಿನ ಡುಗುಡುಗು ಕೇಳಿದರೆ ಹಸನಸಾಬನಿಗೆ ಅಪ್ಪ ಪಕ್ಕದಲ್ಲೇ ಕೆಮ್ಮಿದಂತಾಗುತ್ತಿತ್ತು. ಅದನ್ನು ಉಳಿಸಲೇಬೇಕೆಂದು ಗೋಡೆಯ ಮೊಳೆಗೆ ಕೈ ಹಾಕಿದರೆ ಮೊಳೆ ಮಾತ್ರ ಇತ್ತು.

"ರೋಷನಬೀ! ನನ್ನ ಪಾನಾ ಎಲ್ಲಿ?"

"ಆ ತುಕ್ಕ ಹಿಡದದ್ದೇನ್ರಿ? ನಿನ್ನೆ ಮ್ಯೂಸಿಯಂಗೆ ಕೊಟ್ಟೆ," ಎಂದಳು ಹೆಂಡತಿ, ರೊಟ್ಟಿ ತಿರುವಿಹಾಕುತ್ತ. "ಬಾಜೂಮನಿ ಮಹಾದೇವಕ್ಕ ಒಡದ ಒಳಕಲ್ಲ ಕೊಟ್ಟಾಳ. ಬೋರ್ಡಿನ ಮ್ಯಾಲೆ ಅಕಿ ಹೆಸರ ಬಂದೈತಿ. ನನ್ನ ಹೆಸರ ಬರಬಾರದೇನು?"

ಆ ಊರಿನಲ್ಲಿ ಗುಡಿಯ ಫ್ಯಾನಿಗೂ, ದರ್ಗಾದ ನೀರಿನ ಟಾಕಿಗೂ, ಬಸ್ ನಿಲ್ದಾಣದ ಕಲ್ಲುಬೆಂಚಿಗೂ ಕೊಟ್ಟವರ ಹೆಸರು ಬರೆಸದೆ ಬಿಟ್ಟವರಿಲ್ಲ. ನಿವೃತ್ತ ಶಿಕ್ಷಕ ಶರಣಬಸವ ಮಾಸ್ತರರು ಹಳೇ ಶಾಲೆಯ ಕಟ್ಟಡದಲ್ಲಿ ಊರ ಚರಿತ್ರೆಯ ಮ್ಯೂಸಿಯಂ ಮಾಡಿ, ಹಳೇ ಸಾಮಾನು ಕೊಟ್ಟವರ ಹೆಸರನ್ನು ಬಣ್ಣದಲ್ಲಿ ಬರೆಸುತ್ತೇವೆ ಎಂದದ್ದೇ ತಡ, ಮನೆಮನೆಯ ಅಟ್ಟ ಖಾಲಿಯಾಗಿತ್ತು. ಆ ಭಾನುವಾರವೇ ಅದರ ಉದ್ಘಾಟನೆ.

ಹಸನಸಾಬ ಚಾರ್ಜಿಗೆ ಹಾಕಿದ ಫೋನನ್ನೂ ಮರೆತು ಸ್ಕೂಟರಿಗೆ ಒದ್ದು ಹೊರಟ. ಮ್ಯೂಸಿಯಂ ಮುಂದೆ ಜಾತ್ರೆಯಷ್ಟು ಜನ. ಒಳಗೆ ನುಗ್ಗಲು ಹೋದವನ ಭುಜವನ್ನು ಮಾಸ್ತರರೇ ಹಿಡಿದರು.

"ಟಿಕೀಟ್ರಿ, ಹಸನಸಾಬ್ರ."

"ನನ್ನ ಸಾಮಾನ ಒಳಗೈತ್ರೀ ಸರ!"

"ಎಲ್ಲಾರ ಸಾಮಾನೂ ಒಳಗ ಐತಿ. ಅದಕ್ಕಂತ ಎಲ್ಲಾರಿಗೂ ಟಿಕೀಟ್ ಬಿಟ್ಟರ ಯಾರು ತಗೋತಾರ?"

ಟಿಕೀಟು ತೆಗೆದುಕೊಂಡು ಒಳಗೆ ಹೋದರೆ ಪಾನಾ ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಮಕಮಲ್ಲಿನ ಮೇಲೆ ಮಲಗಿತ್ತು. ಕೆಳಗೆ ಚೀಟಿ: 'ಹಳೆಯ ಕೋಟೆಯ ಮಹಾದ್ವಾರದ ಕೀಲಿಕೈ'. ಜನ ಅದರ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತಿದ್ದರು. ಎಲ್ಲರಿಗಿಂತ ಮುಂದೆ ಮಹಾದೇವಕ್ಕ ನಿಂತಿದ್ದಳು.

"ಏನ್ ಭಾಗ್ಯಾರೀ ನಿಮ್ಮದು! ಕೋಟಿ ಕೀಲಿ ನಿಮ್ಮನ್ಯಾಗ ಇತ್ತಂದ್ರ ನಿಮ್ಮ ಮುತ್ತಜ್ಜ ಕಿಲ್ಲೇದಾರ ಇರಬೇಕು!"

"ಕಿಲ್ಲೇದಾರನೂ ಇಲ್ಲ, ಕೀಲೀನೂ ಇಲ್ಲ. ಇದು ನಮ್ಮಪ್ಪ ಬಡದ ಪಾನಾ!" ಎಂದು ಹಸನಸಾಬ ಕೂಗಿದ. "ಸರ, ಕೊಡ್ರಿ, ಮುಂಡಗೋಡಕ್ಕ ಹೋಗಬೇಕು."

ಮಾಸ್ತರರು ಕನ್ನಡಕ ಏರಿಸಿದರು. "ನಲವತ್ತು ವರ್ಷ ಇತಿಹಾಸ ಕಲಿಸೇನಿ. ಪಾನಾ ಯಾವುದು, ಕೀಲಿ ಯಾವುದು ನನಗ ಗೊತ್ತಾಗೂದಿಲ್ಲೇನು? ಮ್ಯಾಲೆ ಬೋರ್ಡಿನಾಗ ರೋಷನಬಿ ಅಂತ ಬರದಾಗೈತಿ. ಹೆಸರ ಇದ್ದ ಮ್ಯಾಲೆ ಅದರ ಎದುರಿಗೆ ಸಾಮಾನ ಇರಬೇಕು."

"ಬ್ಯಾರೆ ಸಾಮಾನ ಕೊಟ್ಟರ?"

"ಹಳೇದಿರಬೇಕು. ಈಗಿಂದೀಗ ಕೊಡಬೇಕು. ಮಂದಿ ಬಂದಾರ."

ಹಸನಸಾಬ ಗಡಿಯಾರ ನೋಡಿದ. ಹತ್ತು ಹೊಡೆದಿತ್ತು. ಬಾಗಿಲ ಹೊರಗೆ ಅವನ ಸ್ಕೂಟರು ನಿಂತಿತ್ತು. ಅದೂ ಅಪ್ಪನ ಕಾಲದ್ದೇ. ಮಾಸ್ತರರ ಕಣ್ಣೂ ಅಲ್ಲೇ ಇತ್ತು. ಹಸನಸಾಬ ಹೆಚ್ಚು ಯೋಚಿಸಲಿಲ್ಲ. ಎಂಜಿನ್ನು ಉಳಿದರೆ ಸಾಕು, ನಾಳೆ ಒಂದು ಹಳೇ ಲಾಟೀನು ಕೊಟ್ಟು ಸ್ಕೂಟರು ಬಿಡಿಸಿಕೊಂಡರಾಯಿತು ಎಂದು ಅದನ್ನು ತಳ್ಳಿ ಒಳಗೆ ನಿಲ್ಲಿಸಿದ. ಜನ ಚಪ್ಪಾಳೆ ತಟ್ಟಿದರು. ಅವನು ಪಾನಾವನ್ನು ಬಗಲಲ್ಲಿ ಹಿಡಿದು ಬಸ್ ನಿಲ್ದಾಣಕ್ಕೆ ಓಡಿದ.

ಬಸ್ಸು ದಾರಿಯುದ್ದಕ್ಕೂ ಕೈ ಮಾಡಿದಲ್ಲೆಲ್ಲ ನಿಂತಿತು. ಪಾನಾ ನೋಡಿದ ಕಂಡಕ್ಟರು, "ಏನ್ ಯಜಮಾನ್ರ, ಯಾರ ತಲಿ ಒಡೀಲಿಕ್ಕೆ ಹೊಂಟೀರಿ?" ಎಂದು ಕೇಳಿ ಅದನ್ನು ತನ್ನ ಸೀಟಿನ ಕೆಳಗೆ ಇಟ್ಟುಕೊಂಡ. ಕಲಘಟಗಿಯಲ್ಲಿ ಬಸ್ಸು ಬದಲಿಸುವಾಗ ಹಸನಸಾಬ ಅದನ್ನು ಮರೆತು ಇಳಿದು, ಹೊರಟ ಬಸ್ಸಿನ ಬೆನ್ನು ಬಡಿಯುತ್ತ ಅರ್ಧ ಪೇಟೆ ಓಡಿದ. ಅಂತೂ ಪಾನಾ ಹಿಡಿದು ಮುಂಡಗೋಡದ ಗಿರಣಿಯ ಮುಂದೆ ಬಂದಾಗ ಎರಡೂವರೆ. ಇನ್ನೂ ಅರ್ಧ ತಾಸು ಉಳಿದಿದೆ! ಅವನಿಗೆ ಕುಣಿಯಬೇಕೆನಿಸಿತು.

ಗಿರಣಿ ಆಗಲೇ ಓಡುತ್ತಿತ್ತು. ಡುಗುಡುಗು ಮಾತ್ರ ಇರಲಿಲ್ಲ, ಸೊಳ್ಳೆ ಹಾಡಿದಂಥ ಸಣ್ಣ ಸದ್ದು.

"ಬರ್ರಿ ಬರ್ರಿ!" ಎಂದ ಲೋಕೇಶ, ಮೈಯೆಲ್ಲ ಹಿಟ್ಟು. "ಹತ್ತಕ್ಕ ಮತ್ತ ನಿಮಗ ಫೋನ್ ಮಾಡಿದ್ದೆ. ನಿಮ್ಮ ಮನಿಯವ್ರು ಎತ್ತಿದ್ರು. ಪಾನಾ ಮ್ಯೂಸಿಯಂಗೆ ಕೊಟ್ಟೇವಿ ಅಂದ್ರು. ಪಾನಾನ ಇಲ್ಲಾಂದ್ರ ಎಂಜಿನ್ ಇಟ್ಕೊಂಡ ಏನ್ ಮಾಡ್ಲಿ? ಹುಬ್ಬಳ್ಳಿಯಿಂದ ತಂದ ಕರೆಂಟ್ ಮೋಟರ್ ಆರು ತಿಂಗಳಿಂದ ಗೋಣಿಯೊಳಗ ಕುಂತಿತ್ತು. ಕೂರಿಸಿಬಿಟ್ಟೆ."

"ಎಂಜಿನ್?"

"ಕಿತ್ತ ಒಗಿಯೂದಿತ್ತು. ಆದರ ನಿಮ್ಮ ಮನಿಯವ್ರ ಮಾತ ಕೇಳಿದ ಮ್ಯಾಲೆ ನನಗೂ ಆಸೆ ಆತು. ನನ್ನ ಹೆಸರೂ ಬೋರ್ಡಿನ ಮ್ಯಾಲೆ ಬರಲಿ ಅಂತ ಮ್ಯೂಸಿಯಂಗೆ ಕೊಟ್ಟೆ. ಅಕ್ಕೋ ನೋಡ್ರಿ!"

ರಸ್ತೆಯಾಚೆ, ಬಾಡಿಗೆಗೆ ಬಂದ ಅಂತೋನಿಯ ಟೆಂಪೊದಲ್ಲಿ, ಹಗ್ಗ ಬಿಗಿಸಿಕೊಂಡು, ಅಪ್ಪನ ಎಂಜಿನ್ನು ಕುಳಿತಿತ್ತು. ಹಸನಸಾಬನ ಕಣ್ಣು ತುಂಬಿ ಬಂತು.

"ಹಳಿಯಾಳಕ್ಕ ಬರ್ತೀರೇನ್ರಿ? ಮುಂದ ಜಾಗಾ ಇಲ್ಲ, ಹಿಂದ ಹತ್ತರಿ," ಎಂದ ಅಂತೋನಿ. ಹಸನಸಾಬ ಎಂಜಿನ್ನನ್ನು ತಬ್ಬಿಕೊಂಡು ಊರಿಗೆ ಮರಳಿದ.

ಸಂಜೆ ಐದಕ್ಕೆ ಮ್ಯೂಸಿಯಂ ಮುಂದೆ ಎಂಜಿನ್ನು ಇಳಿದಾಗ ಜನ ಇನ್ನೂ ಕರಗಿರಲಿಲ್ಲ. "ಒಮ್ಮೆ ಚಾಲೂ ಮಾಡ್ರಿ!" ಎಂದು ಎಲ್ಲರೂ ಕೂಗಿದರು. ಹಸನಸಾಬ ಅಂಗಿಯ ತೋಳು ಮಡಚಿ ಪಾನಾ ಹಚ್ಚಿ ನಟ್ಟು ತಿರುವಿದ. ಒಂದು ತಾಸಿನ ಮೇಲೆ ಎಂಜಿನ್ನು ಕೆಮ್ಮಿತು, ಹೊಗೆ ಉಗುಳಿತು, ಡುಗುಡುಗು ಎಂದಿತು. ಶಿಳ್ಳೆಯೋ ಶಿಳ್ಳೆ! ಅವನ ಎದೆ ಉಬ್ಬಿತು. ಇಡೀ ದಿನದ ದಣಿವು ಅಲ್ಲೇ ಇಳಿಯಿತು.

ಅವನು ಕೈ ಒರೆಸಿಕೊಂಡು ತಿರುಗುವಷ್ಟರಲ್ಲಿ ಮಾಸ್ತರರು ಪಾನಾವನ್ನು ಮಕಮಲ್ಲಿನ ಮೇಲೆ ಮಲಗಿಸಿ ಗಾಜು ಮುಚ್ಚಿದ್ದರು. ಬೋರ್ಡಿನ ಮೇಲೆ 'ಹಸನಸಾಬ' ಎಂಬ ಹೆಸರು ಹಸಿ ಬಣ್ಣದಲ್ಲಿ ಹೊಳೆಯುತ್ತಿತ್ತು. ಚೀಟಿಗೂ ಒಂದು ಸಾಲು ಸೇರಿತ್ತು: 'ನಂತರದ ಕಾಲದಲ್ಲಿ ಎಂಜಿನ್ ಬಿಚ್ಚಲೂ ಬಳಸಲಾಗಿದೆ'.

"ಪಾನಾ ಇಲ್ಲಂದ್ರ ಎಂಜಿನ್ ಬರೇ ಕಬ್ಬಿಣ ಅಲ್ರೀ?" ಎಂದರು ಮಾಸ್ತರರು.

"ಹಂಗಾರ ನನ್ನ ಸ್ಕೂಟರಾದ್ರೂ ಕೊಡ್ರಿ ಸರ."

"ಅದು ರೋಷನಬಿಯವ್ರ ಹೆಸರಿಗೆ ಐತಿ. ಅವರನ್ನ ಕೇಳ್ರಿ."

ಸ್ಕೂಟರಿನ ಪಕ್ಕದಲ್ಲೇ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದ ರೋಷನಬಿ, ಮಹಾದೇವಕ್ಕನ ಕಡೆಗೊಮ್ಮೆ ನೋಡಿ, ಗಂಡನ ಕಿವಿಯಲ್ಲಿ ಹೇಳಿದಳು: "ಇಕಿ ಎದುರಿಗೆ ನನ್ನ ಹೆಸರ ಅಳಸ್ತೀರಿ? ನಡಕೊಂಡ ಹೋಗೂಣು ಬರ್ರಿ."

ಹಸನಸಾಬ ತಲೆ ತಗ್ಗಿಸಿ ಬಾಗಿಲು ದಾಟಿದ. ಹಿಂದಿನಿಂದ ಮಾಸ್ತರರು ಉತ್ಸಾಹದಿಂದ ಕೂಗಿದರು.

"ಹಸನಸಾಬ್ರ, ದಿನಾ ಹತ್ತಕ್ಕ ಬಂದ ಎಂಜಿನ್ ಚಾಲೂ ಮಾಡಬೇಕ್ರಿ! ಬರುವಾಗ ಟಿಕೀಟ್ ಮಾತ್ರ ಮರೀಬ್ಯಾಡ್ರಿ."