ಬಾಲವಿಲ್ಲದ ಚಿಟ್ಟೆಯ ನಾಮಕರಣ

ಜಗತ್ತಿನಲ್ಲಿ ಬುದ್ಧಿವಂತರು ಇಬ್ಬರೇ ಎಂದು ನನ್ನ ಚಿಕ್ಕಪ್ಪ ನಂಬಿದ್ದಾರೆ. ಇನ್ನೊಬ್ಬರು ಯಾರೆಂದು ಅವರಿಗಿನ್ನೂ ಪತ್ತೆಯಾಗಿಲ್ಲ!

ಮುಂಬಯಿಯ ಸಯನ್‌ನಲ್ಲಿ ಆಯುಷ್ಯವಿಡೀ ಹೋಟೆಲ್ ನಡೆಸಿದವರು, ಗಲ್ಲಾ ಮಗನಿಗೆ ಬಿಟ್ಟು ಮಲಾಡ್‌ನ ಫ್ಲ್ಯಾಟಿನಲ್ಲಿ ಸುಮ್ಮನೆ ಕೂತಿದ್ದರೆ ಯಾರಿಗೇನು ನಷ್ಟವಿತ್ತು? ಗ್ಯಾಲರಿಯ ದಾಳಿಂಬೆ ಕುಂಡಕ್ಕೆ ಒಂದು ಹೇರ್‌ಸ್ಟ್ರೀಕ್ ಚಿಟ್ಟೆ ಬಂತು. ಕೆಟ್ಟಿತು ಕತೆ! ಆ ಕುಲದವಕ್ಕೆ ರೆಕ್ಕೆಯ ತುದಿಯಲ್ಲಿ ಕೂದಲೆಳೆಯಂಥ ಬಾಲವಿರುತ್ತದೆ. ಇದಕ್ಕೆ ಇರಲಿಲ್ಲ.

"ಹೊಸ ಜಾತಿ ಮಾರಾಯ! ದೋಸೆಯೊಳಗೆ ಬಾಜಿ ಇದ್ರೆ ಮಸಾಲೆ, ಇಲ್ಲದಿದ್ರೆ ಸಾದಾ. ಎರಡಕ್ಕೂ ಒಂದೇ ಹೆಸರು ಉಂಟಾ ಮೆನುವಿನಲ್ಲಿ?" ಎಂದರು ಚಿಕ್ಕಪ್ಪ.

ದೋಸೆಯ ಶಾಸ್ತ್ರದಲ್ಲಿ ಚಿಟ್ಟೆಯ ಕುಲಗೋತ್ರ! ಸೊಸೈಟಿಯವರು ಸೊಳ್ಳೆಗೆ ಹೊಗೆ ಹಾಕಲು ಬಂದಾಗ, ಇವರು ಚಿಕ್ಕಮ್ಮನ ಹೊಸ ಬೆಡ್‌ಶೀಟನ್ನೇ ಗ್ಯಾಲರಿಗೆ ಅಡ್ಡ ಕಟ್ಟಿದರು. "ಅಂಕಲ್, ಡೆಂಗೂ ಆಯೇಗಾ" ಎಂದ ಸೆಕ್ರೆಟರಿಗೆ, "ಆನೇ ದೋ, ಸಾಥ್ ಮೇ ಹಿಸ್ಟರಿ ಭೀ ಆಯೇಗಾ!" ಎಂದುಬಿಟ್ಟರು. ಡೆಂಗೂ ಬಂದರೆ ಬರಲಿ, ಜೊತೆಗೆ ಚರಿತ್ರೆಯೂ ಬರುತ್ತದಂತೆ!

ಹೆಸರನ್ನೂ ಆರಿಸಿಟ್ಟಿದ್ದರು. ಏನೆಂದು ಮಾತ್ರ ಯಾರಿಗೂ ಹೇಳಲೊಲ್ಲರು. ತಮ್ಮದೇ ಇರಬೇಕು, ಇನ್ನೇನು! ದೇವಸ್ಥಾನಕ್ಕೆ ಕೊಟ್ಟ ಫ್ಯಾನಿನ ಮೂರು ರೆಕ್ಕೆಗೂ ತಮ್ಮ ಹೆಸರು ಬರೆಸಿದ ಪುಣ್ಯಾತ್ಮರು ಚಿಟ್ಟೆಯ ರೆಕ್ಕೆ ಬಿಟ್ಟಾರೆಯೇ?

ಹೆಂಡತಿಯ ಹೆಸರು ಮಾತ್ರ ಮದುವೆಯಾದಂದಿನಿಂದ ಅವರ ಬಾಯಲ್ಲಿ ಬಂದದ್ದಿಲ್ಲ. ಹಿರಿಯರ ಪದ್ಧತಿಯಂತೆ! ಕರೆಯುವುದು "ಏಯ್" ಎಂದು, ಬೆಕ್ಕಿಗೂ ಅದೇ. "ನನಗೊಂದು ಹೆಸರುಂಟು ಅಂತ ರೇಷನ್ ಕಾರ್ಡಿಗೆ ಮಾತ್ರ ಗೊತ್ತು" ಎಂದು ಚಿಕ್ಕಮ್ಮ ನಗುತ್ತಿದ್ದರು. ಅದು ನಗುವಲ್ಲವೆಂದು ನನಗೆ ಗೊತ್ತಿತ್ತು.

ಕೊನೆಗೆ, ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ನನ್ನ ಗೆಳೆಯನನ್ನು ಕರೆದುಕೊಂಡು ಹೋದೆ. ಚಿಕ್ಕಪ್ಪನ ಗಾಳಿ ಇಳಿಯುವುದನ್ನು ನೋಡುವ ಚಪಲವೂ ಇತ್ತೆನ್ನಿ. ಅವನು ಭೂತಗನ್ನಡಿ ಹಿಡಿದು ನೋಡಿ ನಕ್ಕ. "ಅಂಕಲ್, ಇದು ಹಳೇ ಜಾತಿಯೇ. ಹಕ್ಕಿ ಇದರ ಬಾಲವನ್ನೇ ತಲೆ ಅಂದ್ಕೊಂಡು ಕಚ್ಚುತ್ತೆ. ಬಾಲ ಹೋಯ್ತು, ಜೀವ ಉಳೀತು."

"ಹಾಗಾದ್ರೆ ಹೆಸರು ಇಡ್ಲಿಕ್ಕೆ ಆಗುದಿಲ್ವಾ?"

"ಇದಕ್ಕೆ ಆಗಲೇ ಹೆಸರಿದೆಯಲ್ಲ. ನೀವು ಏನು ಇಡಬೇಕು ಅಂತಿದ್ರಿ?"

ನಾನು ನಗಲು ತಯಾರಾಗಿ ಕೂತೆ. ಚಿಕ್ಕಪ್ಪ ಒಮ್ಮೆ ಅಡುಗೆಮನೆಯತ್ತ ನೋಡಿದರು. ಗಂಟಲು ಸರಿಮಾಡಿಕೊಂಡರು.

"ಜಲಜಾಕ್ಷಿ" ಎಂದರು.

ಒಳಗೆ ಮಿಕ್ಸಿ ನಿಂತಿತು. ಚಿಕ್ಕಮ್ಮ ಸೆರಗಿಗೆ ಕೈ ಒರೆಸುತ್ತ ಬಾಗಿಲಿಗೆ ಬಂದು ನಿಂತರು.

"ಕರೆದ್ರಾ?"

"ಹ್ಞೂಂ" ಎಂದ ಚಿಕ್ಕಪ್ಪ ನೆಲ ನೋಡಿದರು. "ಜಲಜಾಕ್ಷಿ, ಇವರಿಗೆ ಸ್ವಲ್ಪ ಚಾ ಮಾಡ್ತೀಯಾ?"

ನನ್ನ ಕಣ್ಣು ತುಂಬಿತು. ಬಂದ ಚಹಾಕ್ಕೆ ಸಕ್ಕರೆಯೇ ಬಿದ್ದಿರಲಿಲ್ಲ. ಯಾರೂ ಅದನ್ನು ಹೇಳದೆ ಕುಡಿದೆವು.