ಚಕ್ರಕ್ಕೆ ಸಿಕ್ಕದ ಚೀಲ

ನನ್ನ ಸೋದರಮಾವ ಹೆಣ್ಣು ನೋಡಲು ಹೋದಾಗ ಹೆಣ್ಣಿನ ಮನೆಯವರು ಕೊಟ್ಟ ಕಾಫಿ ಆರುವುದಕ್ಕೂ ಮೊದಲೇ "ಆಯ್ತು, ನಂಗೊಪ್ಗೆ" ಎಂದು ಎದ್ದು ಬಂದವರು. ಮೂವತ್ತು ವರ್ಷದ ಸಂಸಾರವನ್ನು ಹೀಗೆ ಅರ್ಧ ಲೋಟ ಕಾಫಿಯಲ್ಲಿ ತೀರ್ಮಾನ ಮಾಡಿದ ಈ ಮಹಾನುಭಾವ, ಎರಡು ಬ್ಯಾಟು, ನಾಲ್ಕು ಚೆಂಡು ಹಾಕಿಕೊಳ್ಳುವ ಒಂದು ಚೀಲ ಕೊಳ್ಳಲು ಮೂರು ತಿಂಗಳು ತೆಗೆದುಕೊಂಡರು ಎಂದರೆ ನಂಬುತ್ತೀರಾ? ನಂಬಲೇಬೇಕು, ಆ ಮೂರು ತಿಂಗಳೂ ಅವರ ಹಿಂದೆ ಅಲೆದವಳು ನಾನೇ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕೂ ಊರಿನ ಚೀಲದ ಅಂಗಡಿಯವರು ಈಗ ನನ್ನನ್ನು ಕಂಡರೆ ಮೊದಲು ಹಿಂದೆ ಮಾವ ಬರುತ್ತಿದ್ದಾರೆಯೇ ಎಂದು ಇಣುಕಿ ನೋಡುತ್ತಾರೆ.

ತಪ್ಪು ನನ್ನದೇ. ನಾನು ರಾಮನಗರದಲ್ಲಿ ಹೈಸ್ಕೂಲ್ ಟೀಚರ್. ಮಕ್ಕಳ ಮೇಲೆ ಕೂಗಾಡಿ ಕೂಗಾಡಿ ಬಿ.ಪಿ. ಏರಿದ ಮೇಲೆ, ಹೆದ್ದಾರಿ ಪಕ್ಕದಲ್ಲಿ ಹೊಸದಾಗಿ ಆದ ಆಟದ ಅಂಗಳಕ್ಕೆ ಭಾನುವಾರ ಬೆಳಿಗ್ಗೆ ಪಿಕಲ್‌ಬಾಲ್ ಆಡಲು ಹೋಗತೊಡಗಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬ್ಯಾಡ್ಮಿಂಟನ್ನಿನಷ್ಟು ಅಂಗಳ, ಟೆನಿಸ್ಸಿನಂಥ ನೆಟ್ಟು, ಚಪಾತಿ ಮಣೆಗೆ ಹಿಡಿ ಹಾಕಿದಂಥ ಬ್ಯಾಟು, ಮೈತುಂಬ ತೂತಿರುವ ಪ್ಲಾಸ್ಟಿಕ್ ಚೆಂಡು. ಓಡಾಟ ಕಮ್ಮಿ, ನಗು ಜಾಸ್ತಿ. ಅರವತ್ತು ದಾಟಿದವರೂ ಆರಾಮವಾಗಿ ಆಡುತ್ತಾರೆ.

ಮಾವನದು ಚನ್ನಪಟ್ಟಣ ತಾಲ್ಲೂಕಿನ ಬೈರಾಪಟ್ಟಣ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕಣೆ. ಒಂದು ಭಾನುವಾರ ರಾಮನಗರದ ಮಾರುಕಟ್ಟೆಗೆ ರೇಷ್ಮೆ ಗೂಡು ಹಾಕಿ ವಾಪಸು ಹೋಗುವಾಗ, ಸೋದರಸೊಸೆ ಏನು ಮಾಡುತ್ತಾಳೋ ನೋಡೋಣ ಎಂದು ಅಂಗಳಕ್ಕೆ ಬಂದರು. ಚೆಂಡನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದರು.

"ಅಲ್ಲ ಕಣವ್ವಾ, ಒಂದೇ ಒಂದು ತೂತು ಬಿದ್ದಿರೋ ಗೂಡ ಮಾರ್ಕೆಟ್ಟಲ್ಲಿ ಮೂಸೋರಿಲ್ಲ. ಇದ್ರಲ್ಲಿ ಇಷ್ಟೊಂದು ತೂತವೆ, ನೀವು ದುಡ್ಡು ಕೊಟ್ಟು ತಂದಿದ್ದೀರಲ್ಲ?"

ನಾವೆಲ್ಲ ನಕ್ಕೆವು. ಮಾವ ನಗಲಿಲ್ಲ. ಅವರ ಕಣ್ಣು ಪಕ್ಕದ ಅಂಗಳದ ಮೇಲಿತ್ತು. ಅಲ್ಲಿ ವಯಸ್ಸಾದ ಗಂಡ ಹೆಂಡತಿ ಆಡುತ್ತಿದ್ದರು. ಆ ಹೆಂಗಸು ಸೀರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಕ್ಯಾನ್ವಾಸ್ ಶೂ ಹಾಕಿಕೊಂಡು, ಗಂಡನಿಗೆ ಒಂದು ಚೆಂಡೂ ಸಿಗದಂತೆ ಹೊಡೆಯುತ್ತಿದ್ದರು.

"ಇದನ್ನ ಒಂದೇ ಕೈಯಲ್ಲಿ ಆಡ್ಬೋದಾ?" ಎಂದು ಮಾವ ಕೇಳಿದರು.

ಅವರು ಯಾಕೆ ಕೇಳಿದರೆಂದು ನನಗೆ ಗೊತ್ತಿತ್ತು. ನಿಮಗೂ ಈಗಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನ ಹುಚ್ಚಾಟಕ್ಕೆಲ್ಲ ಮಾವನನ್ನು ನೀವು ಬರೀ ತಿಕ್ಕಲು ಅಂದುಕೊಳ್ಳುತ್ತೀರಿ. ಹಿಂದಿನ ವರ್ಷ ಅತ್ತೆ, ಅಂದರೆ ಮಾವನ ಹೆಂಡತಿ, ಅವರ ಬೈಕಿನಿಂದ ಬಿದ್ದರು. ಸಂತೆ ಮುಗಿಸಿ ಬರುತ್ತಿದ್ದರು. ಹಿಂದೆ ಕೂತಿದ್ದ ಅತ್ತೆಯ ಕೈಯಲ್ಲಿದ್ದ ಚೀಲದ ಉದ್ದನೆಯ ಹಿಡಿ ಜಾರಿ ಚಕ್ರಕ್ಕೆ ಸಿಕ್ಕಿತು. ಚೀಲದ ಜೊತೆ ಅತ್ತೆಯೂ ರಸ್ತೆಗೆ ಬಂದರು. ಎಡಗೈ ಮುರಿಯಿತು, ಪ್ಲೇಟು ಹಾಕಿದರು. ಮೂಳೆ ಕೂಡಿತು, ಭಯ ಬಿಡಲಿಲ್ಲ. ಗೂಡು ಕಟ್ಟುವಷ್ಟು ಹಣ್ಣಾದ ಹುಳುಗಳನ್ನು ಎರಡೂ ಕೈಯಲ್ಲಿ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡುವುದರಲ್ಲಿ ಊರಿಗೇ ಮೊದಲಿಗರಾಗಿದ್ದ ಅತ್ತೆ, ಎಡಗೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತುಬಿಟ್ಟರು. ಬೈಕು ಹತ್ತುವುದಿರಲಿ, ಮನೆಯ ಗೇಟು ದಾಟುವುದನ್ನೂ ಬಿಟ್ಟರು. ಮದುವೆ ಮುಂಜಿಗೂ ಇಲ್ಲ, ತವರಿಗೂ ಇಲ್ಲ. ವ್ಯಾಯಾಮ ಹೇಳಿಕೊಡುವ ಡಾಕ್ಟರಮ್ಮ "ಕೈ ಸರಿಯಾಗಿದೆ ಅಮ್ಮ, ಆಚೆ ಹೋಗಿ ನಾಲ್ಕು ಜನರ ಜೊತೆ ಆಡ್ಕೊಂಡಿರಿ" ಎಂದದ್ದಕ್ಕೆ, "ಈ ವಯಸ್ಸಲ್ಲಿ ಆಡೋದಾ?" ಎಂದು ಬಾಯಿ ಮುಚ್ಚಿಸಿದ್ದರು.

ಮಾವ ಮಾರನೆಯ ದಿನವೇ ಎರಡು ಬ್ಯಾಟು ತಂದರು. ಹಿತ್ತಿಲಲ್ಲಿ ಎರಡು ಗೂಟ ನೆಟ್ಟು ಹಳೆಯ ಸೀರೆ ಕಟ್ಟಿದರು. ಅತ್ತೆ ಮೊದಲು ಬೈದರು, ಆಮೇಲೆ ಒಂದು ಹೊಡೆತ ಹೊಡೆದರು, ಆಮೇಲೆ ಮಾವನನ್ನು ಸೋಲಿಸಿದರು. ಸೋತ ಮಾವನ ಮುಖ ನೋಡಬೇಕಿತ್ತು, ಹರಾಜಿನಲ್ಲಿ ಒಳ್ಳೆ ರೇಟು ಸಿಕ್ಕಿದವರ ಹಾಗೆ ಹಿಗ್ಗಿದ್ದರು. ಆದರೆ ನಿಜವಾದ ಅಂಗಳಕ್ಕೆ ಹೋಗೋಣ ಎಂದಾಗ ಅತ್ತೆ ಕೇಳಿದ್ದು ಒಂದೇ ಮಾತು: "ಗಾಡೀಲಿ ಚೀಲ ಹಿಡ್ಕಂಡು ಕುಂತ್ಕೊಳೋಕಾಯ್ತದಾ ನನ್ ಕೈಲಿ?"

ಅಲ್ಲಿಂದ ಶುರುವಾಯಿತು ಚೀಲದ ಪುರಾಣ.

"ಆಟೋ ಮಾಡಿ ಮಾವ" ಎಂದೆ ನಾನು.

"ಆಟೋದಲ್ಲಿ ಕರ್ಕಂಡೋದ್ರೆ ಕೈ ಆಡ್ತದೆ, ಭಯ ಎಲ್ಲೋಯ್ತದೆ? ಬಿದ್ದಿದ್ದು ಗಾಡಿಯಿಂದ. ಗಾಡೀಲೇ ಹೋಗ್ಬೇಕು" ಎಂದರು ಮಾವ.

ಮೊದಲ ಪ್ರಯತ್ನವಾಗಿ ಮಾವ ಬ್ಯಾಟುಗಳನ್ನು ಗೂಡು ತುಂಬುವ ಬಲೆ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಬೈಕಿನ ಹಿಂದೆ ಬಿಗಿದುಕೊಂಡು ಒಬ್ಬರೇ ಬಂದರು. "ಒಳಿಕ್ಕೆ ಗಾಳಿ ಆಡ್ಬೇಕು ಕಣವ್ವಾ, ಗಾಳಿ ಆಡ್ದಿದ್ರೆ ಮಾಲು ಕೆಡ್ತದೆ" ಎಂಬುದು ಅವರ ವಾದ. ಅಂಗಳದ ಬಾಗಿಲಲ್ಲೇ ಇಬ್ಬರು ಅವರನ್ನು ತಡೆದು, ಇವತ್ತು ಗೂಡು ಕೆ.ಜಿ.ಗೆ ಎಷ್ಟು ಹೋಯಿತು ಎಂದು ವಿಚಾರಿಸಿದರು. ಮಾವ ರೇಟು ಹೇಳಿ, ಮಳೆ ಬೆಳೆಯ ವಿಷಯ ಮಾತಾಡಿ, ಒಂದು ಚೆಂಡೂ ಹೊಡೆಯದೆ ಊರಿಗೆ ಹೋದರು.

ಎರಡನೆಯದು ಚನ್ನಪಟ್ಟಣದ ಅಂಗಡಿ. ನೀವು ಗೂಡಿನ ಮಾರುಕಟ್ಟೆ ನೋಡಿದ್ದರೆ ಗೊತ್ತಿರುತ್ತದೆ. ಅಲ್ಲಿ ಕೊಳ್ಳುವವರು ಮೇಲೆ ಹರಡಿದ ಗೂಡನ್ನು ನಂಬುವುದಿಲ್ಲ. ಮೊಣಕೈವರೆಗೆ ಕೈ ತೂರಿಸಿ ತಳದಿಂದ ಒಂದು ಹಿಡಿ ಎತ್ತುತ್ತಾರೆ, ಮೂಸುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳು ಹೇಗಿದೆ ಎಂದು ಆಲಿಸುತ್ತಾರೆ. ಇಷ್ಟು ವರ್ಷ ಬೇರೆಯವರು ತಮ್ಮ ಮಾಲಿಗೆ ಮಾಡಿದ್ದನ್ನೆಲ್ಲ ಮಾವ ಅವತ್ತು ಆ ಚೀಲಗಳಿಗೆ ಮಾಡಿದರು. ನೀಲಿ ಚೀಲದ ತಳಕ್ಕೆ ಕೈ ತೂರಿಸಿ ಹುಡುಕಿದರು. ಮೂಸಿದರು. ಕಿವಿಗೆ ಹಿಡಿದು ಅಲ್ಲಾಡಿಸಿದರು. ಒಳಗೆ ಏನೋ ಸದ್ದಾಯಿತು. ಮಾವನ ಹುಬ್ಬು ಮೇಲೇರಿತು. ತೆಗೆದು ನೋಡಿದರೆ, ಹೊಸ ಚೀಲಗಳಲ್ಲಿ ತೇವ ಹೀರಲೆಂದು ಇಟ್ಟಿರುತ್ತಾರಲ್ಲ, ಮಣಿ ತುಂಬಿದ ಆ ಬಿಳಿ ಪೊಟ್ಟಣ.

"ಇದೇನು ಸ್ವಾಮಿ?"

"ತೇವ ಹಿಡೀಬಾರ್ದು ಅಂತ ಕಂಪ್ನಿಯೋರೇ ಹಾಕಿರ್ತಾರೆ ಯಜಮಾನ್ರೆ" ಎಂದರು ಅಂಗಡಿಯವರು.

ಮಾವ ನನ್ನ ಕಡೆ ತಿರುಗಿ, "ನೋಡವ್ವ, ಮಾಲಲ್ಲಿ ತೇವ ಐತೆ ಅಂತ ಅವ್ರೇ ಒಪ್ಕಂಡವ್ರೆ" ಎಂದು ಗೆದ್ದವರಂತೆ ಹೊರಗೆ ನಡೆದರು.

ಕನಕಪುರದ ಅಂಗಡಿಯಲ್ಲಿ ಆದದ್ದು ಇದಕ್ಕಿಂತ ಹೆಚ್ಚು. ಅಲ್ಲಿ ಒಂದು ಕಪ್ಪು ಚೀಲ ಮಾವನಿಗೆ ಹಿಡಿಸಿತು. ತೇವ ಇಲ್ಲ, ತಳ ಗಟ್ಟಿ, ಗಾಳಿಯಾಡಲು ಪಕ್ಕದಲ್ಲಿ ಬಲೆ ಬೇರೆ. ಮುಗಿಯಿತು ಎಂದುಕೊಂಡೆ. ಮಾವ "ಒಸಿ ತಾಳಿ" ಎಂದು ಚೀಲವನ್ನು ಹೊರಗೆ ಒಯ್ದರು. ತಮ್ಮ ಬೈಕನ್ನು ಎತ್ತಿ ಸ್ಟ್ಯಾಂಡ್ ಹಾಕಿ, ಸ್ಟಾರ್ಟ್ ಮಾಡಿ, ಗೇರಿಗೆ ಹಾಕಿದರು. ಹಿಂದಿನ ಚಕ್ರ ಗಾಳಿಯಲ್ಲಿ ಗಿರಗಿರ ತಿರುಗತೊಡಗಿತು. ಆಮೇಲೆ ಚೀಲವನ್ನು ಹಿಂದಿನ ಸೀಟಿನ ಪಕ್ಕಕ್ಕೆ ಕೋಲಿನಿಂದ ಇಳಿಬಿಟ್ಟು, ಅದರ ಹಿಡಿ ಚಕ್ರಕ್ಕೆ ಸಿಗುತ್ತದೋ ಇಲ್ಲವೋ ಎಂದು ಬಗ್ಗಿ ನೋಡಿದರು. ಸಿಕ್ಕಿತು. ಒಂದೇ ಏಟಿಗೆ ಹಿಡಿ ಕಿತ್ತು ಬಂತು, ಚೀಲ ರಸ್ತೆಯ ಆಚೆ ಬದಿಗೆ ಹಾರಿತು.

ಅಂಗಡಿಯವರು ಎದೆ ಹಿಡಿದುಕೊಂಡು ಓಡಿ ಬಂದರು. "ಯಜಮಾನ್ರೆ, ಚೀಲನ ಯಾರಾದ್ರೂ ಚಕ್ರಕ್ಕೆ ಕೊಡ್ತಾರಾ?"

"ಚಕ್ರ ಯಾರನ್ನೂ ಕೇಳ್ಕಂಡು ಎಳ್ಕಳಲ್ಲ ಸ್ವಾಮಿ" ಎಂದರು ಮಾವ. ಅಂಗಡಿಯವರಿಗೆ ಅರ್ಥವಾಗಲಿಲ್ಲ, ನನಗೆ ಸ್ವಲ್ಪ ಆಯಿತು. ಹಿಡಿ ಕಿತ್ತ ಆ ಚೀಲವನ್ನು ನಾವೇ ಕೊಂಡೆವು. ಈಗ ಅದರಲ್ಲಿ ಮಾವನ ಮನೆಯ ರಾಗಿ ಹಿಟ್ಟಿದೆ.

ಮಾಗಡಿಯ ಅಂಗಡಿಗೆ ಹೋಗುವಷ್ಟರಲ್ಲಿ ನಮ್ಮ ಕೀರ್ತಿ ಮುಂದೆ ಹೋಗಿತ್ತೋ ಏನೋ, ಅಂಗಡಿಯವರು ನಮ್ಮ ಬೈಕು ಕಂಡ ಕೂಡಲೇ ಹೊರಗೆ ನೇತು ಹಾಕಿದ್ದ ಚೀಲಗಳನ್ನೆಲ್ಲ ಒಳಗೆ ತೆಗೆದರು. ಆಮೇಲೆ ಫೋನಿನಲ್ಲೇ ಆರ್ಡರ್ ಮಾಡಿ ತರಿಸಿದ ಚೀಲ ಎಷ್ಟು ದೊಡ್ಡದಾಗಿತ್ತೆಂದರೆ, ಅದನ್ನು ನೋಡಿದ ಅತ್ತೆ "ಬ್ಯಾಟು ಕೈಯಲ್ಲಿಟ್ಕಂಡು ನಾನೇ ಇದ್ರೊಳಗೆ ಕುಂತ್ಕತೀನಿ ಬುಡು, ಹೊತ್ಕಂಡೋಗು" ಎಂದರು. ಅದು ವಾಪಸು ಹೋಯಿತು. ಇನ್ನೊಂದರ ಜಿಪ್ಪಿನ ತುದಿ ಅತ್ತೆಯ ಎಡಗೈ ಬೆರಳಿಗೆ ಸಿಗುವಂತಿರಲಿಲ್ಲ. ಮಾವ ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಗೆಳೆಯರ ಹತ್ತಿರ ಹೋಗಿ, ಅರಗಿನ ಬಣ್ಣ ಹಚ್ಚಿದ ಕೆಂಪು ಮರದ ಗುಂಡೊಂದನ್ನು ಕಡೆಸಿ ತಂದು ಜಿಪ್ಪಿಗೆ ಕಟ್ಟಿದರು. ಜಿಪ್ಪು ಸಲೀಸಾಗಿ ತೆರೆಯಿತು. ಆದರೆ ಆ ಚೀಲದ ಪಟ್ಟಿ ಒಂದು ಗೇಣು ಹೆಚ್ಚು ಉದ್ದ. ಚಕ್ರ ಪರೀಕ್ಷೆಯಲ್ಲಿ ಫೇಲ್.

ಮೂರನೆಯ ತಿಂಗಳಿಗೆ ನನ್ನ ತಾಳ್ಮೆ ಕೆಟ್ಟಿತು. ಟೀಚರಿಗೆ ಭಾನುವಾರ ಅಂದರೆ ಏನು ಬೆಲೆ ಎಂದು ಟೀಚರಿಗೇ ಗೊತ್ತು. ಅಂಥ ಹನ್ನೆರಡು ಭಾನುವಾರ ಚೀಲಕ್ಕೆ ಹೋಗಿತ್ತು. ಬೈರಾಪಟ್ಟಣದ ಜಗಲಿಯಲ್ಲೇ ಕೂತು ಹೇಳಿಬಿಟ್ಟೆ:

"ಮಾವ, ಸಾಕು. ಅದು ಬರೀ ಚೀಲ. ಯಾವುದೋ ಒಂದು ತಗೊಂಡು ಬನ್ನಿ."

ಮಾವ ತಗ್ಗಿದ ದನಿಯಲ್ಲಿ ಹೇಳಿದರು, "ಅವತ್ತು ಸಂತೇಲೂ ಹಂಗೇ ಅಂದಿದ್ದೆ ಕಣವ್ವಾ. ಅವ್ಳು ಗಿಡ್ಡ ಹಿಡೀ ಚೀಲ ಹುಡುಕ್ತಾ ನಿಂತಿದ್ಲು. ನಾನೇ ರೇಗ್ದೆ. ಯಾವ್ದೋ ಒಂದು ತಗಂಡು ಹತ್ತು, ಹೊತ್ತಾಯ್ತು ಅಂದೆ."

ಇಷ್ಟು ದಿನ ಇವರನ್ನು ಆಡಿಕೊಂಡು ಶಾಲೆಯ ಸ್ಟಾಫ್ ರೂಮಿನಲ್ಲಿ ಎಷ್ಟು ಜನರನ್ನು ನಗಿಸಿದ್ದೆನೋ, ಅದೆಲ್ಲ ನೆನಪಾಗಿ ನಾಚಿಕೆಯಾಯಿತು. ಮುಂದಿನ ಭಾನುವಾರ ನಾನೇ ಅವರನ್ನು ಎಬ್ಬಿಸಿಕೊಂಡು ರಾಮನಗರದ ಅಂಗಡಿಗೆ ಹೋದೆ. ಚಕ್ರದ ಹತ್ತಿರ ಚೀಲವನ್ನು ಇಳಿಬಿಟ್ಟವಳು ಈ ಸಲ ನಾನು. ಜನ ನಿಂತು ನೋಡಿದರು, ನೋಡಲಿ ಬಿಡಿ.

ಕೊನೆಗೆ ಒಂದು ಬೆನ್ನಿಗೆ ಹಾಕುವ ಚೀಲ ಪಾಸಾಯಿತು. ಎರಡು ಬ್ಯಾಟಿಗೆ ಎರಡು ಖಾನೆ, ಚೆಂಡಿಗೆ ಬಲೆ, ಬೆವರಿನ ಬಟ್ಟೆಗೆ ಬೇರೆ ಜಾಗ. ನೆಲಕ್ಕಿಟ್ಟರೆ ತಾನಾಗಿ ನಿಲ್ಲುತ್ತದೆ. ಪಟ್ಟಿಗಳ ತುದಿ ಜೋತಾಡುತ್ತಿದ್ದುದನ್ನು ಮಾವ ಕತ್ತರಿಸಿ, ಬೆಂಕಿಕಡ್ಡಿಯಿಂದ ಸುಟ್ಟು, ದಾರ ಹಾಕಿ ಹೊಲಿದರು. ಕೆಂಪು ಗುಂಡನ್ನು ಹಳೆಯದರಿಂದ ಬಿಚ್ಚಿ ಇದರ ಜಿಪ್ಪಿಗೆ ಕಟ್ಟಿದರು. ಇನ್ನು ಆ ಚೀಲ ತಾನೇ ಮನಸ್ಸು ಮಾಡಿದರೂ ಚಕ್ರಕ್ಕೆ ಸಿಗುವಂತಿರಲಿಲ್ಲ.

ಮರು ಭಾನುವಾರ ಬೆಳಿಗ್ಗೆ ನಾನು ನನ್ನ ಸ್ಕೂಟರಿನಲ್ಲಿ ಬೈರಾಪಟ್ಟಣಕ್ಕೆ ಹೋದೆ. ಅತ್ತೆ ಬರದೇ ಹೋದರೆ ಮಾವನನ್ನು ಸಮಾಧಾನ ಮಾಡಲು ಒಬ್ಬರು ಬೇಕಲ್ಲ? ಮಾವ ಇಸ್ತ್ರಿ ಮಾಡಿದ ಅಂಗಿ ಹಾಕಿ, ಚೀಲವನ್ನು ಬೆನ್ನಿಗೇರಿಸಿ, ಬೈಕಿನ ಮೇಲೆ ಕೂತು ಕಾಯುತ್ತಿದ್ದರು. ಅರ್ಧ ಗಂಟೆಯಾಯಿತು. ಮಾವ ಎರಡು ಸಲ ಕನ್ನಡಿ ಸರಿ ಮಾಡಿಕೊಂಡರು. ನಾನು "ಇನ್ನೊಂದ್ ವಾರ ನೋಡೋಣ ಮಾವ" ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಬಾಗಿಲು ದಾಟಿ ಬಂದರು. ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ. ಗೇಟಿನ ಹತ್ತಿರ ಒಂದು ಗಳಿಗೆ ನಿಂತರು, ಆಮೇಲೆ ಗೇಟನ್ನೂ ದಾಟಿದರು.

ಮಾವ ಬೆನ್ನು ತಿರುಗಿಸಿ ಚೀಲ ತೋರಿಸಿದರು. "ನೋಡು, ನೀನು ಏನನ್ನೂ ಹಿಡ್ಕಳಂಗಿಲ್ಲ. ಎಲ್ಲಾ ನನ್ ಬೆನ್ ಮೇಲೆ ಐತೆ. ಒಂದು ದಾರನೂ ಜೋತಾಡಲ್ಲ."

ಅತ್ತೆ ಚೀಲವನ್ನು ನೋಡಿದರು, ಮಾವನ ಬೆನ್ನನ್ನು ನೋಡಿದರು.

"ಎಲ್ಲಾ ಸರಿ. ಬೆನ್ ತುಂಬ ಇದೇ ಇದ್ರೆ, ನಾನು ನಿನ್ನ ಎಲ್ಲಿ ಹಿಡ್ಕಳ್ಳಿ?"

ಮೂರು ತಿಂಗಳು, ನಾಲ್ಕು ಊರು. ಗಾಳಿ, ತೇವ, ಜಿಪ್ಪು, ಪಟ್ಟಿ, ಚಕ್ರ ಎಲ್ಲವನ್ನೂ ಯೋಚಿಸಿದ್ದ ನಮಗೆ ಇದೊಂದು ಹೊಳೆದಿರಲಿಲ್ಲ. ಮಾವ ಚೀಲ ಕಳಚಿ, ಹಿಂದುಮುಂದಾಗಿ ಎದೆಗೆ ಹಾಕಿಕೊಂಡರು. ಮಗುವನ್ನು ಎತ್ತಿಕೊಂಡ ಹಾಗಿತ್ತು. ನಗು ಬರಬೇಕಿತ್ತು, ನನಗೆ ಬರಲಿಲ್ಲ.

ಅತ್ತೆ ಹತ್ತಿ ಕೂತರು. ಬಲಗೈ ಮಾವನ ಸೊಂಟ ಬಳಸಿತು. ಎಡಗೈ ಸೆರಗಿನಿಂದ ಈಚೆ ಬಂದು, ಒಂದಿಷ್ಟು ತಡೆದು, ಮಾವನ ಅಂಗಿಯನ್ನು ಹಿಡಿಯಿತು. ಮುಷ್ಟಿ ಪೂರ್ತಿ ಮುಚ್ಚಿತು.

ಮಾವ ಗಾಡಿ ಸ್ಟಾರ್ಟ್ ಮಾಡಲಿಲ್ಲ. "ಕುಂತಾಯ್ತಾ?" ಎಂದರು.

"ಆಯ್ತು."

ಮತ್ತೂ ಮಾಡಲಿಲ್ಲ. ನಾನು ಮುಂದಿದ್ದೆ, ನನಗೆ ಅವರ ಮುಖ ಕಾಣುತ್ತಿತ್ತು. ಕಣ್ಣು ತುಂಬಿ ಬಂದು ಅವರಿಗೆ ರಸ್ತೆಯೇ ಕಾಣುತ್ತಿರಲಿಲ್ಲ. ಹಿಂದೆ ಕೂತ ಅತ್ತೆಗೆ ಮುಖ ಕಾಣದಿದ್ದರೂ ಅದು ಹೇಗೋ ಗೊತ್ತಾಯಿತು.

"ಒರಸ್ಕಂಡೇ ಹೊರಡು" ಎಂದರು ಅತ್ತೆ. "ನಾನು ಹಿಡ್ಕಂಡೇ ಇರ್ತೀನಿ."